ಒದೆಯುವ ದನವೂ ಕೂಗುವ ಒಡೆಯನೂ

ಕಳೆದ ದೀಪಾವಳಿಯ ಗೋಪೂಜೆಯ ದಿನ ನಮ್ಮ ಹಟ್ಟಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಿಯೇ ವಿಷಯಕ್ಕೆ ಬರುತ್ತೇನೆ. ಹೇಳಿಕೊಳ್ಳಲು ಸ್ವಲ್ಪ ಸಂಕೋಚವಿದೆ. ಆದರೆ ಈ ವಾರ್ತಾಪತ್ರದಲ್ಲಿ ಎಲ್ಲರೂ ತಮ್ಮ ತೋಟದ ಒಳ್ಳೆಯ ಫಸಲನ್ನೇ ಬರೆಯುತ್ತಿರುವಾಗ ಒಬ್ಬನಾದರೂ ತನ್ನ ತಪ್ಪನ್ನು ಬರೆದರೆ ಸದಸ್ಯ ಬಂಧುಗಳಿಗೆ ಉಪಕಾರವಾದೀತೆಂದು ಧೈರ್ಯ ಮಾಡಿದ್ದೇನೆ.

ದನಗಳ ಮೈ ತೊಳೆಸಿ, ಸಿದ್ದೆಯನ್ನು ಜೇಡಿಮಣ್ಣಿನ ನೀರಿನಲ್ಲಿ ಅದ್ದಿ ಬಿಳಿ ಉಂಗುರದ ಅಚ್ಚು ಒತ್ತಿ, ಹೂವಿನ ಮಾಲೆ ಹಾಕಿ ಆಗಿತ್ತು. ಹಳೆಯ ಎರಡು ದನಗಳು ಕಡುಬಿನ ಆಸೆಗೆ ಕತ್ತು ಚಾಚಿ ನಿಂತಿದ್ದವು. ಮೂರನೆಯದು ಆ ವರ್ಷ ತಂದ ಕಡಸು. ಗುಡ್ಡೆಯಲ್ಲಿ ಹೇಳುವವರು ಕೇಳುವವರು ಇಲ್ಲದೆ ಬೆಳೆದದ್ದು. ಆರತಿಯ ತಟ್ಟೆ ಹತ್ತಿರ ಬಂದದ್ದೇ ತಡ, ಅದು ಒಂದು ಒದೆ ಕೊಟ್ಟಿತು. ತಟ್ಟೆ ಗೋದಲಿಗೆ ಹಾರಿತು. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ಹೆದರಿ ಸಗಣಿಯ ಮೇಲೆ ಬಿದ್ದ. ನಾನು ಮೂಲೆಯಲ್ಲಿದ್ದ ಬೆತ್ತಕ್ಕೆ ಕೈ ಹಾಕಿದೆ. ಆಗ ನನ್ನ ಮನೆಯವಳು, "ವರ್ಷದಾಗೆ ಎಷ್ಟ್ ದಿನ ನೀವ್ ಅದ್ರ ಮೈ ಮುಟ್ಟಿದ್ರಿ? ಇವತ್ತೇ ಅಲ್ದಾ?" ಎಂದಳು. ಬೆತ್ತ ಕೈಯಲ್ಲೇ ಉಳಿಯಿತು. ಉತ್ತರ ಇರಲಿಲ್ಲ.

ನಮ್ಮಲ್ಲಿ ದನ ಕೊಳ್ಳುವಾಗ ಹಾಲು ಎಷ್ಟು ಲೀಟರ್, ಎಷ್ಟನೆಯ ಕರು, ಹಲ್ಲು ಎಷ್ಟು, ಸುಳಿ ಹೇಗಿದೆ ಎಂದೆಲ್ಲ ಕೇಳುತ್ತೇವೆ. ಗುಣ ಹೇಗೆ ಎಂದು ಕೇಳುವುದು ಹಗ್ಗ ಕೈಗೆ ಬಂದ ಮೇಲೆ. ಅಡಿಕೆ ಬೆಳೆಗಾರರಾದ ನಮಗಂತೂ ದನವೆಂದರೆ ಗೊಬ್ಬರದ ಕಾರ್ಖಾನೆ. ಹಾಲು ಮನೆಖರ್ಚಿಗಾದರೆ ಸಾಕು. ಸಗಣಿ ಹಾಕುವುದಕ್ಕೆ ಸಾಧು ಗುಣ ಏಕೆ ಬೇಕು ಎಂಬ ಭಾವನೆ ನಮ್ಮಲ್ಲಿದೆ. ಈ ಭಾವನೆ ತಪ್ಪೆಂಬುದು ನನ್ನ ಅಭಿಪ್ರಾಯ. ಇದರಿಂದಾಗಿಯೇ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಗಳಲ್ಲಿ ಎಷ್ಟೋ ಹಟ್ಟಿಗಳು ಸ್ಕೂಟರ್ ನಿಲ್ಲಿಸುವ ಜಾಗವಾಗಿವೆ ಎಂದೂ ಹೇಳುತ್ತೇನೆ.

ಮೊದಲು ಗೊಬ್ಬರದ ಲೆಕ್ಕವನ್ನೇ ನೋಡೋಣ. ಫಲ ಬರುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಸೊಪ್ಪು, 12 ಕಿಲೋ ಹಟ್ಟಿಗೊಬ್ಬರ ಅಥವಾ ಕಾಂಪೋಸ್ಟ್ ಕೊಡಬೇಕೆಂಬುದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರ. ಅಂದರೆ ಎಕರೆಗೆ ಆರೂವರೆ ಟನ್ನಿಗೂ ಮಿಕ್ಕಿ ಗೊಬ್ಬರ. ಹಟ್ಟಿ ಖಾಲಿಯಾದವನು ಇದನ್ನು ಲಾರಿಯಲ್ಲಿ ತರಿಸಬೇಕು. ತರಿಸಿದ್ದರಲ್ಲಿ ಸಗಣಿ ಎಷ್ಟು, ಮಣ್ಣು ಎಷ್ಟು ಎಂಬುದು ಮಳೆ ಬಂದ ಮೇಲೆ ಗೊತ್ತಾಗುತ್ತದೆ. ಆದ್ದರಿಂದ ಹಟ್ಟಿ ಮುಚ್ಚದಂತೆ ನೋಡಿಕೊಳ್ಳುವುದು ತೋಟದ ಪ್ರಶ್ನೆಯೇ ಹೊರತು ಬರಿಯ ಗೋಭಕ್ತಿಯ ಪ್ರಶ್ನೆಯಲ್ಲ.

ಹಟ್ಟಿ ಏಕೆ ಮುಚ್ಚುತ್ತದೆ? ಕೂಲಿ ಸಿಗುವುದಿಲ್ಲ, ಹಿಂಡಿಗೆ ಬೆಲೆ, ಮೇಯಲು ಹಾಡಿಯಿಲ್ಲ, ಮಕ್ಕಳು ಊರಿನಲ್ಲಿಲ್ಲ. ಇವೆಲ್ಲ ನಿಜವೇ. ಆದರೆ ಮುಚ್ಚಿದ ಐದಾರು ಹಟ್ಟಿಗಳ ಕೊನೆಯ ದಿನವನ್ನು ನಾನು ಹತ್ತಿರದಿಂದ ಬಲ್ಲೆ. ಹೆಚ್ಚಿನವುಗಳಲ್ಲಿ ಅಂದಿನ ಕಾರಣ ಒಂದೇ: ಮನೆಯ ಹೆಂಗಸಿಗೆ ದನ ಒದೆಯಿತು, ಇಲ್ಲವೇ ಹಾಯಿತು. ಬೆಂಗಳೂರಿನ ಮಗ ಫೋನಿನಲ್ಲಿ, "ಅಮ್ಮ, ಸಾಕು, ಕೊಟ್ಟುಬಿಡಿ" ಅಂದ. ಮನೆಯಲ್ಲಿ ಉಳಿದಿರುವವರು ಅರುವತ್ತು ಎಪ್ಪತ್ತು ದಾಟಿದ ಇಬ್ಬರು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಹಟ್ಟಿಗೆ ಹೋಗುವ ಮಾತಿಲ್ಲ. ಮಗ ಹೇಳಿದ್ದರಲ್ಲಿ ತಪ್ಪೂ ಇಲ್ಲ.

ನಮ್ಮ ಮನೆಯ ಪಾಲೂ ಇದರಲ್ಲಿದೆ. 2011 ರಲ್ಲಿ ಘಟ್ಟದ ಮೇಲಿನಿಂದ ಒಂದು ಮಿಶ್ರತಳಿ ದನ ತಂದೆ. ಹದಿನಾಲ್ಕು ಲೀಟರ್ ಎಂದಿದ್ದರು. ನೋಡಲು ಹೋದವನು ನಾನು, ಚೌಕಾಸಿ ಮಾಡಿದವನು ನಾನು, ಹಾಲು ಕರೆಯಬೇಕಾದವಳು ಮನೆಯಲ್ಲಿದ್ದಳು. ಅಲ್ಲಿ ಅದನ್ನು ಕರೆದು ತೋರಿಸಿದವನು ಗಟ್ಟಿ ಆಳು. ಹಿಂಗಾಲಿಗೆ ಹಗ್ಗ ಬಿಗಿದಿದ್ದ. ಆ ಹಗ್ಗ ನನ್ನ ಕಣ್ಣಿಗೆ ಬಿತ್ತು, ಬುದ್ಧಿಗೆ ಬೀಳಲಿಲ್ಲ. ಹನ್ನೊಂದನೆಯ ದಿನ ಅವಳ ಮಣಿಕಟ್ಟು ಮುರಿಯಿತು. ಮೂರು ತಿಂಗಳು ನಾನೇ ಕರೆದೆ. ನನಗೆ ಅದು ಕೊಟ್ಟದ್ದು ಆರು ಲೀಟರ್. ಕೊನೆಗೆ ಸಿಕ್ಕಿದ ಬೆಲೆಗೆ ಕೊಟ್ಟೆ. ಅದು ಹೋಗುವಾಗ ಕಣ್ಣಿ ಹರಿದುಕೊಂಡು ತೋಟಕ್ಕೆ ನುಗ್ಗಿ ಹೊಸದಾಗಿ ನೆಟ್ಟ ಹನ್ನೆರಡು ಅಡಿಕೆ ಸಸಿಗಳನ್ನು ತುಳಿದು, ನೀರಿನ ಪೈಪನ್ನು ಎರಡು ಕಡೆ ಮುರಿದು ಹೋಯಿತು.

ಮಿಕ್ಕ ಎಂಟು ಲೀಟರ್ ಎಲ್ಲಿ ಹೋಯಿತು? ಮಾರಿದವನು ಸುಳ್ಳು ಹೇಳಿದ ಎಂದೇ ಬಹಳ ದಿನ ತಿಳಿದಿದ್ದೆ. ಸ್ವಲ್ಪ ಸುಳ್ಳು ಇದ್ದಿರಲೂಬಹುದು. ಆದರೆ ಹೆದರಿದ ದನ ಹಾಲು ಏರಿಸಿಕೊಳ್ಳುತ್ತದೆಂಬುದು ನಮ್ಮ ಹಿರಿಯರಿಗೆ ಗೊತ್ತಿದ್ದ ಮಾತೇ. ಅದರ ಒಳಗುಟ್ಟು ಹೀಗಿದೆ. ಕರು ಮೊಲೆಗೆ ಬಾಯಿ ಹಾಕಿದಾಗ ಅಥವಾ ನಾವು ಕೆಚ್ಚಲು ತೊಳೆದು ಒರೆಸಿದಾಗ ದನದ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಬರುತ್ತದೆ. ಅದು ಕೆಚ್ಚಲಿನ ಸಣ್ಣ ಸಣ್ಣ ಚೀಲಗಳನ್ನು ಹಿಂಡಿ ಹಾಲನ್ನು ಕೆಳಗಿಳಿಸುತ್ತದೆ. ನಾವು ಸೊರೆ ಬಿಟ್ಟಿತು ಎನ್ನುವುದು ಇದಕ್ಕೇ. ಇದರ ಪ್ರಭಾವ ಇರುವುದು ಐದಾರು ನಿಮಿಷ ಮಾತ್ರ. ದನ ಹೆದರಿದರೆ ಅಡ್ರಿನಲಿನ್ ಎಂಬ ಇನ್ನೊಂದು ರಸ ಬಂದು ಈ ಕೆಲಸವನ್ನು ತಡೆಯುತ್ತದೆ. ಆಮೇಲೆ ಎಷ್ಟು ಹಿಂಡಿದರೂ ಮೊಲೆಯಲ್ಲಿದ್ದ ಮೊದಲ ಹಾಲಷ್ಟೇ ಬರುತ್ತದೆ.

1941 ರಲ್ಲಿ ಅಮೆರಿಕೆಯ ಈಲಿ ಮತ್ತು ಪೀಟರ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ಬರೆದರು. ದನವನ್ನು ಹೆದರಿಸಲು ಅವರು ಮಾಡಿದ ಉಪಾಯ ಸ್ವಾರಸ್ಯವಾಗಿದೆ. ದನದ ಬೆನ್ನ ಮೇಲೆ ಒಂದು ಬೆಕ್ಕನ್ನು ಕೂರಿಸಿ, ಹತ್ತು ಸೆಕೆಂಡಿಗೊಮ್ಮೆ ಕಾಗದದ ಚೀಲವನ್ನು ಊದಿ ಒಡೆದರು. ದನ ಹಾಲು ತಡೆಹಿಡಿಯಿತು. ಆಮೇಲೆ ಬೆಕ್ಕಿನ ಅಗತ್ಯವಿಲ್ಲವೆಂದು ಅದನ್ನು ಬಿಟ್ಟರಂತೆ, ಚೀಲವೊಂದೇ ಸಾಕಾಯಿತು. ನಮ್ಮ ಕೆಲವು ಹಟ್ಟಿಗಳಲ್ಲಿ ಚೀಲವೂ ಬೇಡ, ಯಜಮಾನರ ಗಂಟಲೇ ಸಾಕು.

ಇನ್ನೊಂದು ಪ್ರಯೋಗ 1999 ರದ್ದು, ರಶೆನ್ ಮತ್ತು ಸಂಗಡಿಗರದ್ದು. ದನಗಳಿಗೆ ಒಬ್ಬ ಒಳ್ಳೆಯ ಆಳು, ಒಬ್ಬ ಕೆಟ್ಟ ಆಳು ಎಂದು ಅಭ್ಯಾಸ ಮಾಡಿಸಿದರು. ಬಳಿಕ ಹಾಲು ಕರೆಯುವಾಗ ಕೆಟ್ಟ ಆಳು ಹತ್ತಿರ ನಿಂತದ್ದಕ್ಕೇ ಕೆಚ್ಚಲಲ್ಲಿ ಉಳಿದುಹೋದ ಹಾಲು ಶೇಕಡಾ 70 ರಷ್ಟು ಹೆಚ್ಚಾಯಿತು. ಇದನ್ನು ಓದಿದಾಗ ನನಗೆ 2011 ರ ಆ ಮೂರು ತಿಂಗಳ ಲೆಕ್ಕ ಸಿಕ್ಕಿತು. ಅದು ಒದ್ದ ದಿನ ಸಿಟ್ಟಿನಲ್ಲಿ ನಾನು ಅದಕ್ಕೆ ಹೊಡೆದಿದ್ದೆ. ಮರುದಿನದಿಂದ ಕರೆಯಲು ಕುಳಿತವನೂ ನಾನೇ.

ಉಳಿದುಹೋಗುವ ಹಾಲು ಯಾವುದೆಂಬುದನ್ನೂ ಗಮನಿಸಬೇಕು. ಮೊದಲು ಬರುವ ಹಾಲು ತೆಳು. ಕೊನೆಯ ಹಾಲಿನಲ್ಲೇ ಕೊಬ್ಬು ಹೆಚ್ಚು. 1986 ರಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟ ಆರಂಭವಾದಂದಿನಿಂದ ನಮ್ಮ ಹಳ್ಳಿಗಳ ಹಾಲು ಡೈರಿಗೆ ಹೋಗುತ್ತಿದೆ. ಡೈರಿಯಲ್ಲಿ ದರ ನಿಲ್ಲುವುದು ಹಾಲಿನ ಕೊಬ್ಬು ಮತ್ತು ಇತರ ಘನಾಂಶದ ಮೇಲೆ. ಫ್ಯಾಟ್ ಬರಲಿಲ್ಲವೆಂದು ಪರೀಕ್ಷೆ ಮಾಡುವ ಹುಡುಗಿಯ ಮೇಲೆ ರೇಗುವವರು, ಅಂದು ಬೆಳಿಗ್ಗೆ ಹಟ್ಟಿಯಲ್ಲಿ ಎಷ್ಟು ಕೂಗಾಟ ನಡೆಯಿತೆಂದು ಒಮ್ಮೆ ಯೋಚಿಸಬಹುದು. ಹಾಲು ಪೂರ್ತಿ ಇಳಿಯದ ದನ ಬೇಗ ಬತ್ತುತ್ತದೆ ಕೂಡ. ಇದಕ್ಕೆ ಅಡ್ಡದಾರಿಯಾಗಿ ಇಂಜೆಕ್ಷನ್ ಚುಚ್ಚಿ ಹಾಲಿಳಿಸುವವರಿದ್ದಾರೆ. ಹಾಲು ಹೆಚ್ಚಿಸಲೆಂದು ದನದ ಆರೋಗ್ಯಕ್ಕೆ ಹಾನಿಯಾಗುವಂಥದ್ದನ್ನು ಚುಚ್ಚುವುದು 1960 ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಆ ಮಾತು ಅಷ್ಟಕ್ಕೆ ಸಾಕು.

ನಮ್ಮ ಊರದನದ ವಿಷಯಕ್ಕೆ ಬರೋಣ. ಮಲೆನಾಡು ಗಿಡ್ಡ ಎಂದು ಈಗ ಸರಕಾರದ ಪಟ್ಟಿಯಲ್ಲಿ ತಳಿಯೆಂಬ ಮಾನ್ಯತೆ ಪಡೆದಿರುವ ಈ ದನವನ್ನು ವರ್ಷಗಂಧಿ ಎಂದೂ ಕರೆಯುವುದುಂಟು, ವರ್ಷಕ್ಕೊಂದು ಕರು ಹಾಕುವ ಗುಣಕ್ಕೆ. ಹಾಲು ದಿನಕ್ಕೆ ಒಂದೆರಡು ಲೀಟರ್. ಮಳೆಗೆ ಬಗ್ಗದು, ಬೈಹುಲ್ಲು, ಅಡಿಕೆ ಹಾಳೆ, ಅಕ್ಕಚ್ಚಿನಲ್ಲೇ ಬದುಕೀತು. ಆದರೆ ಗಿಡ್ಡ ಎಂದರೆ ಬೇಲಿ ಹಾರುವ ದನ, ಕೈಗೆ ಸಿಗದ ದನ ಎಂಬ ಅಪಖ್ಯಾತಿಯೂ ಇದೆ. ನನ್ನ ಮಟ್ಟಿಗೆ ಇದು ಅರ್ಧ ಸತ್ಯ. ನಾನು ಮಾಣಿಯಾಗಿದ್ದಾಗ, 1960 ರ ದಶಕದಲ್ಲಿ, ನಮ್ಮ ಮನೆಯಲ್ಲಿ ಹದಿನೇಳು ಗಂಟಿಗಳಿದ್ದವು. ದಿನವೂ ಹಾಡಿಗೆ ಹೊಡೆದುಕೊಂಡು ಹೋಗಿ ಸಂಜೆ ತರುವುದು ನಮ್ಮ ಕೆಲಸ. ಒಮ್ಮೆ ನಾನು ಕೂಗುತ್ತಾ ಓಡಿಸಿಕೊಂಡು ಬಂದದ್ದನ್ನು ನೋಡಿ ಅಜ್ಜಯ್ಯ ತಡೆದು ನಿಲ್ಲಿಸಿ, "ಮಾಣಿ, ಗಂಟಿಗೂ ಕೆಮಿ ಇತ್ತ್" ಎಂದರು. ಅಷ್ಟೇ. ಅವರು ಹಟ್ಟಿಯ ಬಾಗಿಲಲ್ಲಿ ನಿಂತು ಒಂದೊಂದನ್ನೇ ಹೆಸರು ಹಿಡಿದು ಕರೆದು ಕುತ್ತಿಗೆ ತುರಿಸಿ ಕಟ್ಟುತ್ತಿದ್ದರು. ಆ ಹದಿನೇಳರಲ್ಲಿ ಹಾಯುವುದು ಒಂದೇ ಇತ್ತು. ಅದನ್ನು ಅವರು ಮಕ್ಕಳ ಸುದ್ದಿಗೆ ಬಿಡದೆ ಬೇರೆಯೇ ಕಟ್ಟುತ್ತಿದ್ದರು.

ಈಗಿನ ಗಿಡ್ಡ ಹಾಗೆ ಬೆಳೆಯುವುದಿಲ್ಲ. ಹಾಡಿಯ ಬಹುಪಾಲು ಅಕೇಶಿಯಾ ಆಯಿತು. ಕೊಂಕಣ ರೈಲು 1998 ರಲ್ಲಿ ಪೂರ್ತಿಯಾಗಿ ಓಡತೊಡಗಿತು, ಹೆದ್ದಾರಿ ನಾಲ್ಕು ಪಥವಾಯಿತು. ಗಂಟಿ ಮೇಯಿಸುವ ಮಕ್ಕಳು ಶಾಲೆಯ ಬಸ್ಸು ಹತ್ತಿದರು. ಅದು ಒಳ್ಳೆಯದೇ. ಆದರೆ ದನ ಒಂದೋ ಯಾರೂ ಮುಟ್ಟದೆ ಬೀದಿಯಲ್ಲಿ ಬೆಳೆಯುತ್ತದೆ, ಇಲ್ಲವೇ ಇಡೀ ದಿನ ಗೂಟದಲ್ಲಿರುತ್ತದೆ. ಎರಡರಲ್ಲೂ ಮನುಷ್ಯನ ಕೈ ಅದರ ಮೈಮೇಲೆ ಬೀಳುವುದು ಮೂಗುದಾರ ಚುಚ್ಚುವಾಗ, ಕಿವಿಗೆ ಓಲೆ ಹಾಕುವಾಗ, ಸೂಜಿ ಚುಚ್ಚುವಾಗ ಮಾತ್ರ. ಕೈ ಎಂದರೆ ನೋವು ಎಂದು ಅದು ಕಲಿಯುತ್ತದೆ. 2022 ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಹಬ್ಬಿದಾಗ ಲಸಿಕೆ ಹಾಕಲು ಬಂದವರು ನಮ್ಮ ವಠಾರದಲ್ಲಿ ಸಾಧು ದನಗಳ ಮೂರು ಹಟ್ಟಿಗಳನ್ನು ಅರ್ಧ ಗಂಟೆಯಲ್ಲಿ ಮುಗಿಸಿದರು. ನಾಲ್ಕನೆಯ ಮನೆಯ ಎರಡು ದನಗಳು ಕೈಗೆ ಸಿಗದೆ ಹಾಗೆಯೇ ಉಳಿದವು. ಅವು ಬದುಕಿದವೋ ಸತ್ತವೋ ಎಂದು ಬರೆಯಲು ಹೋಗುವುದಿಲ್ಲ. ಮನೆಯವರು ಈ ಪತ್ರದ ಓದುಗರು.

ಗುಣ ತಳಿಯಿಂದಲೂ ಇಳಿಯುತ್ತದೆಂಬುದನ್ನು ಒಪ್ಪುತ್ತೇನೆ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬಂದು ಟೀಪುವಿನ ಕಾಲದಲ್ಲಿ ಹೆಸರು ಬದಲಾದ ಅಮೃತಮಹಲ್ ದನಗಳು ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ. ಅವನ್ನು ಸಾಕಿದ್ದು ಸೈನ್ಯದ ಬಂಡಿ ಎಳೆಯಲು, ಬಯಲಿನಲ್ಲಿ. ಅದು ಅಲ್ಲಿಗೆ ಸರಿ. ನಮ್ಮ ಹತ್ತಡಿ ಅಗಲದ ಹಟ್ಟಿಗೆ ಅಂಥ ಗುಣ ಸಲ್ಲದು. ಆದ್ದರಿಂದ ಯಾವ ದನದ ಕರುವನ್ನು ಉಳಿಸಿಕೊಳ್ಳಬೇಕೆಂದು ಆರಿಸುವಾಗ ತಾಯಿಯ ಹಾಲಿನ ಜೊತೆ ತಾಯಿಯ ಸ್ವಭಾವವನ್ನೂ ನೋಡಬೇಕು. ತಲೆಮಾರು ಎರಡು ಕಳೆಯುವಷ್ಟರಲ್ಲಿ ಹಟ್ಟಿಯ ಗಾಳಿಯೇ ಬದಲಾದೀತು. ದನವೂ ಒಂದನ್ನು ನೋಡಿ ಒಂದು ಕಲಿಯುವ ಪ್ರಾಣಿ. ಹಳೆಯದು ನೆಮ್ಮದಿಯಿಂದ ಮೆಲುಕು ಹಾಕುತ್ತಿದ್ದರೆ ಹೊಸದು ಅರ್ಧ ಹೆದರಿಕೆ ಅಲ್ಲೇ ಬಿಡುತ್ತದೆ.

ದನದ ಕಣ್ಣು ತಲೆಯ ಎರಡೂ ಬದಿಗೆ ಇರುವುದರಿಂದ ಅದು ಸುತ್ತಲೂ ಕಾಣುತ್ತದೆ, ನೇರ ಹಿಂದೆ ಮಾತ್ರ ಕಾಣದು. ನಾವು ಸಗಣಿ ತೆಗೆಯಲು ಹೋಗುವುದು ಅಲ್ಲಿಂದಲೇ! ಮಾತಾಡದೆ ಹಿಂದಿನಿಂದ ಹೋಗಿ ಬೆನ್ನಿಗೆ ಕೈ ಇಟ್ಟರೆ ಅದು ಒದೆಯದೆ ಇನ್ನೇನು ಮಾಡೀತು? ದನಗಳ ನಡವಳಿಕೆಯನ್ನು ಬಹಳ ಕಾಲ ಅಭ್ಯಾಸ ಮಾಡಿರುವ ಅಮೆರಿಕೆಯ ಟೆಂಪಲ್ ಗ್ರ್ಯಾಂಡಿನ್ ಅವರು ಪ್ರತಿ ದನಕ್ಕೂ ತನ್ನದೇ ಒಂದು ಅಂತರವಿರುತ್ತದೆ, ಅದರೊಳಗೆ ಅವಸರದಿಂದ ಹೊಕ್ಕರೆ ಅದು ಓಡುತ್ತದೆ ಅಥವಾ ತಿರುಗಿ ಬೀಳುತ್ತದೆ ಎಂದು ವಿವರಿಸಿದ್ದಾರೆ. ದನ ಮುಂದಕ್ಕೆ ಹೋಗಬೇಕಾದರೆ ನಾವು ಅದರ ಹೆಗಲಿಗಿಂತ ಹಿಂದೆ ಇರಬೇಕು. ಹೆಗಲ ಮುಂದೆ ನಿಂತು ಹೊಡೆದರೆ ಅದು ಹಿಂದಕ್ಕೇ ಹೋಗುತ್ತದೆ. ನೆಲದ ಮೇಲಿನ ನೆರಳು, ತೂಗಾಡುವ ಪ್ಲಾಸ್ಟಿಕ್, ಫಳಕ್ಕನೆ ಹೊಳೆಯುವ ನೀರು ಇವಕ್ಕೆಲ್ಲ ದನ ನಿಂತುಬಿಡುತ್ತದೆ. ನಮ್ಮ ಹಟ್ಟಿಯ ಬಾಗಿಲಲ್ಲಿ ಒಣಗಲು ಹಾಕಿದ್ದ ನೀಲಿ ಟಾರ್ಪಾಲು ತೆಗೆದ ದಿನದಿಂದ ಕಡಸು ತಾನಾಗಿಯೇ ಒಳಗೆ ಬರುತ್ತಿದೆ. ಅದರ ಹಟಮಾರಿತನವೆಂದು ಎಷ್ಟು ಬೈದಿದ್ದೆವೋ!

ಹೆಸರಿಟ್ಟು ಕರೆಯುವುದರಲ್ಲಿಯೂ ಏನೋ ಇದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಇಬ್ಬರು 516 ಹೈನುಗಾರರನ್ನು ವಿಚಾರಿಸಿ 2009 ರಲ್ಲಿ ಪ್ರಕಟಿಸಿದ ವರದಿಯಂತೆ, ದನಗಳನ್ನು ಹೆಸರಿನಿಂದ ಕರೆಯುವ ಕಡೆ ಒಂದು ಸೂಲಿಗೆ 258 ಲೀಟರ್ ಹಾಲು ಹೆಚ್ಚು. ಹೆಸರಿಗೇ ಹಾಲು ಬರುತ್ತದೆಂದು ನಾನು ನಂಬುವುದಿಲ್ಲ. ಹೆಸರಿಡುವವನು ಅದರ ಮುಖ ನೋಡುತ್ತಾನೆ, ಮೇವು ಬಿಟ್ಟರೆ ಅಂದೇ ತಿಳಿಯುತ್ತಾನೆ. ಹಾಲು ಬರುವುದು ಅದಕ್ಕೆ. ಆ ವರದಿಗೆ ಅದೇ ವರ್ಷ ನಗೆ ತರಿಸುವ ಸಂಶೋಧನೆಗಳಿಗೆ ಕೊಡುವ ಬಹುಮಾನವೂ ಬಂತು. ಗೋವಿನ ಹಾಡಿನ ಗೊಲ್ಲ ತನ್ನ ದನಗಳನ್ನು ಹೆಸರು ಹಿಡಿದು ಕರೆಯುವುದನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ನನ್ನ ಮಾತನ್ನು ಒಪ್ಪದ ಸ್ನೇಹಿತರಿದ್ದಾರೆ. ಕೊಲ್ಲೂರು ಕಡೆಯ ಒಬ್ಬ ಸದಸ್ಯರು, ಸಾಧು ದನ ಚಿರತೆಗೆ ತುತ್ತು ಎಂದರು. ಕಾಡಂಚಿನವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಸಾಧು ಎಂದರೆ ಮಂಕು ಎಂದಲ್ಲ. ಕರೆದರೆ ಬರುವ ದನ ಕತ್ತಲಾಗುವ ಮೊದಲೇ ಹಟ್ಟಿಯಲ್ಲಿರುತ್ತದೆ; ಬಾರದ ದನವೇ ರಾತ್ರಿ ಹೊರಗೆ ಉಳಿಯುವುದು. ಇನ್ನೊಬ್ಬರು ಕಳ್ಳರ ವಿಷಯ ಎತ್ತಿದರು: ಯಾರು ಹಗ್ಗ ಹಿಡಿದರೂ ಹಿಂದೆ ಹೋಗುವ ದನ ಕಳ್ಳನಿಗೂ ಸುಲಭ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಬಾಗಿಲಿಗೆ ಗಟ್ಟಿ ಚಿಲಕ, ಅಂಗಳದಲ್ಲಿ ನಾಯಿ, ಇಷ್ಟೇ. ಕಳ್ಳನನ್ನು ಹಾಯಲೆಂದು ಒಂದು ದನ ಸಾಕಿ ವರ್ಷವಿಡೀ ಮನೆಯವರು ಹಾಯಿಸಿಕೊಳ್ಳುವುದು ನನಗಂತೂ ಲಾಭದ ವ್ಯಾಪಾರವಾಗಿ ಕಾಣಲಿಲ್ಲ.

ಘಟ್ಟದ ಮೇಲಿನ ಕಾಫಿ ಬೆಳೆಗಾರ ಸದಸ್ಯರ ಪರಿಸ್ಥಿತಿ ಬೇರೆ. ಅಲ್ಲಿ ಹಟ್ಟಿಯ ಆಳು ಬದಲಾಗುತ್ತಲೇ ಇರುತ್ತಾರೆ, ಬಂದವರ ಕೈಯ ರೀತಿಯೂ ಬದಲಾಗುತ್ತದೆ. ದನಕ್ಕೆ ಆಳು ಗುರುತಿರುತ್ತದೆಂಬುದನ್ನು ಆಳು ಇಡುವಾಗ ನೆನಪಿಡಬೇಕು.

ನಮ್ಮ ಸಹಕಾರಿ ಸಂಘದ ಆಡಳಿತ ಮಂಡಳಿಯವರಲ್ಲಿ ಎರಡು ಬಿನ್ನಹಗಳಿವೆ. ದನ ಕೊಳ್ಳಲು ಸಾಲ ಕೇಳಿ ಬಂದವರಿಗೆ, ಹಾಲು ಕರೆಯುವವರು ಅವರೇ ಕುಳಿತು ಆ ದನವನ್ನು ಒಂದು ಹೊತ್ತಾದರೂ ಕರೆದು ನೋಡಿದ್ದಾರೆಯೇ ಎಂದು ಕೇಳಬೇಕು. ಅರ್ಜಿಯಲ್ಲಿ ಗಂಡಸಿನ ಸಹಿ ಇರುತ್ತದೆ, ಒದೆ ತಿನ್ನುವುದು ಹೆಂಗಸು. ಅವಳು ಒಪ್ಪದ ದನಕ್ಕೆ ಸಾಲ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಓದಿ ನಗುವವರು ನಗಲಿ, ನಮ್ಮ ಮನೆಯ ಮಣಿಕಟ್ಟು ಈಗಲೂ ಮಳೆಗಾಲದಲ್ಲಿ ನೋಯುತ್ತದೆ. ಎರಡನೆಯದು, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರನ್ನೋ ನಮ್ಮ ಪಶುವೈದ್ಯರನ್ನೋ ಕರೆಸಿ, ಎಳೆಗರುವನ್ನು ಕೈಗೆ ಪಳಗಿಸುವ ಬಗ್ಗೆ ಒಂದು ದಿನದ ಶಿಬಿರವನ್ನು ಯಾರದಾದರೂ ಹಟ್ಟಿಯಲ್ಲೇ ನಡೆಸಬೇಕು. ಸಭಾಭವನದಲ್ಲಿ ಬೇಡ. ಅಲ್ಲಿ ಭಾಷಣವಾಗುತ್ತದೆ, ಊಟವಾಗುತ್ತದೆ, ದನ ಮಾತ್ರ ಇರುವುದಿಲ್ಲ.

ನಮ್ಮ ಕಡಸಿನ ಸುದ್ದಿ ಹೇಳಿ ಮುಗಿಸುತ್ತೇನೆ. ಗೋಪೂಜೆಯ ಮರುದಿನದಿಂದ ಬೆಳಿಗ್ಗೆ ಹತ್ತು ನಿಮಿಷ ಅದರ ಬಳಿ ಕೂರುವ ಕೆಲಸ ನನಗೆ ಬಂತು. ಮೊದಲ ವಾರ ಸುಮ್ಮನೆ ಕುಳಿತೆ, ಅದು ಹಗ್ಗದ ತುದಿಯವರೆಗೆ ಸರಿದು ನಿಂತಿತು. ಎರಡನೆಯ ವಾರ ಕೈಯಿಂದ ಹಲಸಿನ ಎಲೆ ತಿಂದಿತು. ಕುತ್ತಿಗೆ ತುರಿಸಲು ಬಿಟ್ಟದ್ದು ಒಂದು ತಿಂಗಳ ಮೇಲೆ. ಕೆಚ್ಚಲಿನ ಬಳಿ ಕೈ ಹೋದರೆ ಈಗಲೂ ಕಾಲೆತ್ತುತ್ತದೆ, ಆದರೆ ಬೀಸುವುದಿಲ್ಲ. ಗಬ್ಬವಾಗಿದೆ, ಯುಗಾದಿಯ ಸುಮಾರಿಗೆ ಕರು ಹಾಕೀತು. ಹೆಸರನ್ನು ಮೊಮ್ಮಗನೇ ಫೋನಿನಲ್ಲಿ ಇಟ್ಟಿದ್ದಾನೆ, ಸಿಡಿಲು ಎಂದು. ಬೇರೆ ಹೆಸರು ಇಡೋಣವೆಂದರೆ ಅವನು ಒಪ್ಪುತ್ತಿಲ್ಲ. ಅದಾಗಲೇ ಆ ಹೆಸರಿಗೆ ಕಿವಿ ತಿರುಗಿಸುತ್ತಿದೆ.